ಹಳಿಗೆ ಎರಡೇ ತಂತಿ ಸಾಲದು: ಮನೆಯ ಮಾದರಿ ರೈಲಿನ ವೈರಿಂಗ್ ಬಗ್ಗೆ

ಮಾನ್ಯ ಸಂಪಾದಕರೇ,

ರಜೆಯಲ್ಲಿ ಮಕ್ಕಳೊಂದಿಗೆ ಮನೆಯಲ್ಲೇ ಕಟ್ಟಬಹುದಾದ ಮಾದರಿ ರೈಲಿನ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಕನ್ನಡದಲ್ಲಿ ಈ ಹವ್ಯಾಸದ ಕುರಿತು ಬರೆಯುವವರು ಕಡಿಮೆ. ಆದರೆ ಬೆಟ್ಟ, ಸುರಂಗ, ಸೇತುವೆ, ಸ್ಟೇಷನ್ನುಗಳಿಗೆ ಪುಟವಿಡೀ ಜಾಗ ಕೊಟ್ಟ ಲೇಖನ ವೈರಿಂಗ್ ವಿಷಯವನ್ನು ‘ಹಳಿಗೆ ಎರಡು ತಂತಿ ಕೊಟ್ಟರೆ ಸಾಕು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದೆ. ಆ ಸಾಲನ್ನು ನಂಬಿ ಕೆಲಸ ಶುರುಮಾಡಿದವರ ರೈಲು ಮೊದಲ ಕೆಲವು ವಾರ ಚೆನ್ನಾಗಿಯೇ ಓಡುತ್ತದೆ. ಆಮೇಲೆ ದೂರದ ತಿರುವಿನಲ್ಲಿ ಅದರ ವೇಗ ಕುಗ್ಗುತ್ತದೆ, ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ತಡವರಿಸುತ್ತದೆ, ಮಳೆಗಾಲ ಬರುವಷ್ಟರಲ್ಲಿ ನಿಂತುಬಿಡುತ್ತದೆ. ಎಂಜಿನ್ ಕೆಟ್ಟಿತೆಂದು ತಿಳಿದು ಮನೆಯವರು ಹಲಗೆಯನ್ನೇ ಅಟ್ಟಕ್ಕೆ ಹಾಕುತ್ತಾರೆ. ಎಂಜಿನ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಹಳಿಗೆ ವಿದ್ಯುತ್ ಹೋಗುವ ದಾರಿ. ಅದಕ್ಕಾಗಿ ಈ ದೀರ್ಘ ಪತ್ರ.

ಮಾದರಿ ಹಳಿ ಸಾಮಾನ್ಯವಾಗಿ ನಿಕಲ್ ಸಿಲ್ವರ್‌ನದು. ಅದರಲ್ಲಿ ಬೆಳ್ಳಿ ಇಲ್ಲ; ತಾಮ್ರ, ನಿಕಲ್, ಸತುವಿನ ಮಿಶ್ರಲೋಹ ಅದು. ತಾಮ್ರಕ್ಕೆ ಹೋಲಿಸಿದರೆ ಅದರ ವಿದ್ಯುತ್ ರೋಧ ಹತ್ತು ಪಟ್ಟಿಗೂ ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆ ಇರುವುದು ಎರಡು ಹಳಿ ತುಂಡುಗಳನ್ನು ಕೂಡಿಸುವ ಪುಟ್ಟ ಲೋಹದ ಜಾಯಿನರ್‌ಗಳಲ್ಲಿ. ಹೊಸದರಲ್ಲಿ ಅವು ಬಿಗಿಯಾಗಿರುತ್ತವೆ. ಧೂಳು, ತೇವ, ಬಣ್ಣ, ಜಲ್ಲಿ ಅಂಟಿಸಲು ಹಾಕಿದ ಫೆವಿಕಾಲ್ ನೀರು ಒಳಗೆ ಸೇರಿದಂತೆ ಒಂದೊಂದು ಜಾಯಿನರ್ ಕೂಡ ಒಂದೊಂದು ರೋಧಕವಾಗುತ್ತದೆ. ಒಂದೇ ಕಡೆ ತಂತಿ ಕೊಟ್ಟಿದ್ದರೆ ಎದುರು ತುದಿಗೆ ತಲುಪುವ ವಿದ್ಯುತ್ ಇಂಥ ಹಲವು ಜಾಯಿನರ್‌ಗಳನ್ನು ದಾಟಬೇಕು. ಪರಿಹಾರ ಸರಳ: ಜಾಯಿನರ್‌ನ ಕೆಲಸ ಹಳಿಗಳನ್ನು ನೇರವಾಗಿ ಹಿಡಿದಿಡುವುದು ಮಾತ್ರ. ವಿದ್ಯುತ್ ಸಾಗಿಸಲು ಹಲಗೆಯಡಿ ದಪ್ಪ ತಾಮ್ರದ ಎರಡು ವೈರುಗಳು ಓಡಬೇಕು, ಪ್ರತಿ ಹಳಿ ತುಂಡಿಗೂ ಅಲ್ಲಿಂದ ಒಂದು ಸಣ್ಣ ವೈರ್ ಮೇಲೆ ಬರಬೇಕು. ಹವ್ಯಾಸಿಗಳು ದಪ್ಪ ಜೋಡಿಯನ್ನು ಬಸ್ ಎಂದೂ ಸಣ್ಣವನ್ನು ಫೀಡರ್ ಎಂದೂ ಕರೆಯುತ್ತಾರೆ.

ಲೆಕ್ಕ ಹೇಳಿದರೆ ಅಂದಾಜು ಸಿಕ್ಕೀತು. ಲೇಖನದಲ್ಲಿ ಹೇಳಿದಂತೆ ಎಂಟು ಅಡಿ ನಾಲ್ಕು ಅಡಿಯ ಒಂದು ಪ್ಲೈವುಡ್ ಶೀಟು, ಎಚ್‌ಒ ಅಳತೆ, ಅಂದರೆ ನಿಜದ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿ.ಮೀ. ಅಂಚಿನಲ್ಲಿ ಆರು ಸೆಂ.ಮೀ. ಬಿಟ್ಟರೆ ಸಿಗುವ ಅತಿ ದೊಡ್ಡ ತಿರುವು 55 ಸೆಂ.ಮೀ. ತ್ರಿಜ್ಯದ್ದು. ಇಡೀ ಸುತ್ತು ಸುಮಾರು 5.9 ಮೀಟರ್. 91 ಸೆಂ.ಮೀ. ಉದ್ದದ ಬಾಗುವ ಹಳಿಯಾದರೆ ಏಳು ತುಂಡು. ತುಂಡಿಗೆ ಎರಡರಂತೆ 14 ಫೀಡರ್. ಬಸ್‌ಗೆ ಮನೆಯ ವೈರಿಂಗ್‌ಗೆ ಬಳಸುವ 1.5 ಚದರ ಮಿ.ಮೀ.ನ ಮಲ್ಟಿಸ್ಟ್ರಾಂಡ್ ತಾಮ್ರದ ವೈರ್ ಸಾಕು. ಕೆಂಪು ಏಳು ಮೀಟರ್, ಕಪ್ಪು ಏಳು ಮೀಟರ್ ತಂದರೆ ಉಳಿಯುತ್ತದೆ. ಕೋಣೆ ಸುತ್ತುವ ದೊಡ್ಡ ಲೇಔಟ್ ಆದರೆ 2.5 ಚದರ ಮಿ.ಮೀ. ತನ್ನಿ. ಫೀಡರ್‌ಗೆ 0.5 ಚದರ ಮಿ.ಮೀ. ಸಾಕು, ಆದರೆ ಅದರ ಉದ್ದ 20–30 ಸೆಂ.ಮೀ. ಮೀರದಿರಲಿ. ಕೆಂಪು ಎಂದರೆ ಹೊರಗಿನ ಹಳಿ, ಕಪ್ಪು ಎಂದರೆ ಒಳಗಿನ ಹಳಿ ಎಂದು ಮೊದಲೇ ನಿಶ್ಚಯಿಸಿ, ಕೊನೆಯವರೆಗೂ ಬದಲಿಸಬೇಡಿ. ಹಲಗೆಯಡಿ ಮಲಗಿ ಕೆಲಸ ಮಾಡುವಾಗ ಎಡಬಲ ಅದಲುಬದಲಾಗುತ್ತದೆ. ಬಣ್ಣವೊಂದೇ ಆಗ ನಂಬಿಕೆಗೆ ಅರ್ಹ.

ಬೆಸುಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಹೆಚ್ಚಿನವರು ಹೆದರುವುದು ಇಲ್ಲೇ. ಹಳಿಯ ಹೊರಮೈಯ ನಡುಭಾಗದಲ್ಲಿ ಮಾತ್ರ ಬೆಸುಗೆ ಹಾಕಬೇಕು; ಒಳಮೈಯಲ್ಲಿ ಹಾಕಿದರೆ ಚಕ್ರದ ಅಂಚು ಅದಕ್ಕೆ ತಾಗಿ ರೈಲು ಎಗರುತ್ತದೆ. ಆ ಜಾಗವನ್ನು ಸಣ್ಣ ಅರದಿಂದ ಹೊಳೆಯುವಂತೆ ಉಜ್ಜಿ, ಹಳಿಯ ಪಕ್ಕದಲ್ಲೇ 2 ಮಿ.ಮೀ. ತೂತು ಕೊರೆದು ಫೀಡರ್ ಮೇಲೆ ತನ್ನಿ. ತುದಿಯ 5 ಮಿ.ಮೀ. ಸುಲಿದು ಮೊದಲು ಅದಕ್ಕೆ ಬೆಸುಗೆಯ ಸೀಸ (ಸೋಲ್ಡರ್) ಹತ್ತಿಸಿ, ಹಳಿಗೂ ಒಂದು ತೆಳು ಲೇಪ ಕೊಡಿ, ಆಮೇಲೆ ಎರಡನ್ನೂ ಒತ್ತಿ ಹಿಡಿದು ಕಾವು ಕೊಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಹಳಿಯಡಿಯ ಪ್ಲಾಸ್ಟಿಕ್ ಅಡ್ಡಪಟ್ಟಿ, ಅಂದರೆ ಸ್ಲೀಪರ್, ಕರಗುತ್ತದೆ ಎಂದು ಕಡಿಮೆ ಶಕ್ತಿಯ ಸೋಲ್ಡರಿಂಗ್ ಐರನ್ ಬಳಸುವವರೇ ಹೆಚ್ಚು ಸ್ಲೀಪರ್ ಕರಗಿಸುತ್ತಾರೆ. ಸಣ್ಣ ಐರನ್ ಹಳಿಯನ್ನು ಕಾಯಿಸಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಶಾಖ ಪಕ್ಕಕ್ಕೆ ಹರಡುತ್ತದೆ. 40 ವ್ಯಾಟ್‌ನ ಐರನ್, ಅಗಲವಾದ ಶುಚಿಯಾದ ತುದಿ, ಬೇಗ ಮುಟ್ಟಿ ಬೇಗ ತೆಗೆಯುವ ಕೈ ಇರಲಿ. ಎರಡೂ ಬದಿಯ ಸ್ಲೀಪರ್‌ಗಳ ಮೇಲೆ ಒದ್ದೆ ಹತ್ತಿ ಇಡಿ. 60/40 ಸೀಸ (60 ಭಾಗ ತವರ, 40 ಭಾಗ ಸೀಸ) ಮತ್ತು ರೋಸಿನ್ ಫ್ಲಕ್ಸ್ ಮಾತ್ರ ಬಳಸಿ. ತಗಡಿನ ಕೆಲಸದವರು ಬಳಸುವ ಆಸಿಡ್ ಬೇಗ ಹಿಡಿಯುತ್ತದೆ ನಿಜ, ಆದರೆ ಉಳಿದ ಅಂಶ ತಾಮ್ರದ ಎಳೆಗಳನ್ನು ತಿಂದು ಹಾಕುತ್ತದೆ. ಬೆಸುಗೆ ಮಂಕಾಗಿ, ಹರಳು ಹರಳಾಗಿ ಕಂಡರೆ ಅದು ತಣ್ಣನೆಯ ಬೆಸುಗೆ. ಎಳೆದು ನೋಡಿದರೆ ಕಿತ್ತು ಬರುತ್ತದೆ. ಮತ್ತೆ ಹಾಕಿ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪಿನಿಂದ ತೊಳೆಯಬೇಕು, ಮಕ್ಕಳು ಜೊತೆಗಿದ್ದರೆ ಇದರಲ್ಲಿ ವಿನಾಯಿತಿ ಇಲ್ಲ.

ಎಲ್ಲ ಫೀಡರ್‌ಗಳನ್ನೂ ಜೋಡಿಸಿ ಕೊನೆಗೆ ಪರೀಕ್ಷಿಸುವುದು ದೊಡ್ಡ ತಪ್ಪು. ಹದಿನಾಲ್ಕರಲ್ಲಿ ಒಂದು ಅದಲುಬದಲಾಗಿದ್ದರೂ ಇಡೀ ಲೇಔಟ್ ಶಾರ್ಟ್ ಆಗುತ್ತದೆ, ಯಾವುದೆಂದು ತಿಳಿಯಲು ಎಲ್ಲವನ್ನೂ ಬಿಚ್ಚಬೇಕು. ಮಲ್ಟಿಮೀಟರನ್ನು ಬೀಪ್ ಶಬ್ದದ ಸ್ಥಾನಕ್ಕೆ ತಿರುಗಿಸಿ, ಅದರ ಒಂದು ಕಡ್ಡಿಯನ್ನು ಕೆಂಪು ಬಸ್‌ಗೂ ಇನ್ನೊಂದನ್ನು ಕಪ್ಪು ಬಸ್‌ಗೂ ಕ್ಲಿಪ್ ಹಾಕಿಬಿಡಿ. ಹಳಿಗೆ ವಿದ್ಯುತ್ ಕೊಟ್ಟು ರೈಲನ್ನು ನಿಯಂತ್ರಿಸುವ ಕಂಟ್ರೋಲರನ್ನು ಬಸ್‌ಗೆ ಜೋಡಿಸಿರಬಾರದು, ಹಳಿಯ ಮೇಲೆ ಎಂಜಿನ್ ಇರಬಾರದು. ಈಗ ಒಂದೊಂದೇ ಫೀಡರ್ ಸೇರಿಸುತ್ತ ಹೋಗಿ. ಯಾವುದನ್ನು ಸೇರಿಸಿದಾಗ ಬೀಪ್ ಬಂತೋ ತಪ್ಪಿರುವುದು ಅದೇ.

ವಿದ್ಯುತ್ ಕೊಟ್ಟ ಮೇಲೆ ಇನ್ನೊಂದು ಪರೀಕ್ಷೆ. ಕಂಟ್ರೋಲರ್‌ನಿಂದ ಅತಿ ದೂರದ ಜಾಗದಲ್ಲಿ ಎರಡು ಹಳಿಗಳಿಗೂ ಅಡ್ಡಲಾಗಿ ಒಂದು ನಾಣ್ಯ ಅಥವಾ ಸ್ಕ್ರೂಡ್ರೈವರ್ ಇಡಿ. ಕಂಟ್ರೋಲರ್ ತಕ್ಷಣ ಟ್ರಿಪ್ ಆಗಬೇಕು. ಹಳಿಯುದ್ದಕ್ಕೂ ಪ್ರತಿ ತುಂಡಿನ ಮೇಲೂ ಹೀಗೆ ಮಾಡಿ. ಒಂದು ಕಡೆ ಟ್ರಿಪ್ ಆಗದಿದ್ದರೆ ಅಲ್ಲಿಗೆ ವೈರಿಂಗ್ ಸಾಲದು ಎಂದರ್ಥ. ಇದು ಏಕೆ ಮುಖ್ಯವೆಂದರೆ, 5 ಆಂಪಿಯರ್‌ಗೆ ಟ್ರಿಪ್ ಆಗುವ ಡಿಜಿಟಲ್ ಕಂಟ್ರೋಲರ್ ಹಳಿಗೆ 15 ವೋಲ್ಟ್ ಕೊಡುತ್ತಿದೆ ಎನ್ನಿ. ತೆಳು ವೈರು, ಸಡಿಲ ಜಾಯಿನರ್‌ಗಳಿಂದ ಹಾದಿಯ ರೋಧ 3.5 ಓಮ್ ಆಗಿದ್ದರೆ ಶಾರ್ಟ್ ಆದಾಗಲೂ ಹರಿಯುವುದು ಸುಮಾರು 4.3 ಆಂಪಿಯರ್ ಮಾತ್ರ. ಕಂಟ್ರೋಲರ್‌ಗೆ ಅದು ಶಾರ್ಟ್ ಎಂದೇ ಗೊತ್ತಾಗುವುದಿಲ್ಲ. ಆ ಅರವತ್ತಕ್ಕೂ ಹೆಚ್ಚು ವ್ಯಾಟ್ ಶಾಖವಾಗಿ ಜಾಯಿನರ್‌ನಲ್ಲಿ, ಹಳಿ ತಪ್ಪಿದ ಎಂಜಿನ್ನಿನ ಚಕ್ರದಲ್ಲಿ ಇಳಿಯುತ್ತದೆ. ಪ್ಲಾಸ್ಟಿಕ್ ಕರಗಿ ಚಕ್ರ ಹಳಿಗೆ ಅಂಟಿಕೊಳ್ಳುವುದು ಹೀಗೆ. ‘ಕಡಿಮೆ ವೋಲ್ಟೇಜು, ಏನೂ ಆಗದು’ ಎಂದು ಲೇಖನ ಭರವಸೆ ಕೊಟ್ಟಿದೆ. ಶಾಕ್ ಹೊಡೆಯುವುದಿಲ್ಲ ಎಂಬಷ್ಟಕ್ಕೆ ಮಾತ್ರ ಅದು ಸರಿ. ಮನೆಯ ಲೇಔಟಿಗೆ 3 ಆಂಪಿಯರ್‌ನ ಕಂಟ್ರೋಲರ್ ಧಾರಾಳವಾಯಿತು, ಹೆಚ್ಚಿನದು ಬೇಕಿಲ್ಲ.

ಪಾಯಿಂಟುಗಳ ವಿಷಯಕ್ಕೆ ಬಂದರೆ, ಎರಡು ಹಳಿಗಳು ಒಂದನ್ನೊಂದು ದಾಟುವ ಮೂತಿಯ ಭಾಗವೇ ಎಲ್ಲ ತಂಟೆಯ ಮೂಲ. ಆ ಭಾಗ ಪ್ಲಾಸ್ಟಿಕ್ಕಿನದಾಗಿದ್ದರೆ ವೈರಿಂಗ್ ಸುಲಭ, ಆದರೆ ಚಿಕ್ಕ ಎಂಜಿನ್ನುಗಳು ಅಲ್ಲಿ ನಿಂತುಬಿಡುತ್ತವೆ. ಅಂಥ ಪಾಯಿಂಟಿನಲ್ಲಿ ಮೂತಿಯ ಆಚೆ ಎರಡು ವಿರುದ್ಧ ಹಳಿಗಳು ತೀರ ಹತ್ತಿರ ಬರುವುದರಿಂದ ಅಗಲ ಚಕ್ರವೊಂದು ಎರಡನ್ನೂ ಒಮ್ಮೆಲೇ ಮುಟ್ಟಿ ಕ್ಷಣಕಾಲ ಶಾರ್ಟ್ ಆಗುವುದೂ ಉಂಟು. ಅಲ್ಲಿ ಹಳಿಯ ತಲೆಗೆ ಕೆಲವು ಮಿ.ಮೀ. ಉಗುರುಬಣ್ಣ ಹಚ್ಚಿದರೆ ನಿಲ್ಲುತ್ತದೆ. ಮೂತಿ ಲೋಹದ್ದಾಗಿದ್ದರೆ ಓಟ ನಯ, ಆದರೆ ಪಾಯಿಂಟ್ ತಿರುಗಿದಾಗಲೆಲ್ಲ ಅದರ ಧ್ರುವವೂ ಬದಲಾಗಬೇಕು. ಮೂತಿಯಿಂದ ಹೊರಡುವ ಎರಡು ಒಳಹಳಿಗಳಿಗೂ ಪ್ಲಾಸ್ಟಿಕ್ ಜಾಯಿನರ್ ಹಾಕಿ, ಮೂತಿಗೆ ಬೇರೆಯೇ ಒಂದು ವೈರು ಕೊಟ್ಟು, ಪಾಯಿಂಟ್ ಮೋಟಾರಿನ ಸ್ವಿಚ್ ಮೂಲಕ ಅದನ್ನು ಕೆಂಪಿಗೋ ಕಪ್ಪಿಗೋ ಸೇರಿಸಬೇಕು. ಪಾಯಿಂಟಿನಲ್ಲಿ ಅತ್ತಿತ್ತ ಸರಿಯುವ ನಾಲಗೆ ಪಕ್ಕದ ಹಳಿಗೆ ಒರಗುವುದನ್ನೇ ವಿದ್ಯುತ್ ಸಂಪರ್ಕವೆಂದು ನಂಬಿ ಕೂರಬೇಡಿ. ನಮ್ಮ ಊರುಗಳ ಧೂಳಿನಲ್ಲಿ ಅದು ಹೆಚ್ಚು ದಿನ ಬಾಳುವುದಿಲ್ಲ.

ಸೊಲೆನಾಯ್ಡ್ (ವಿದ್ಯುತ್ಕಾಂತದ ಸುರುಳಿ) ಬಗೆಯ ಪಾಯಿಂಟ್ ಮೋಟಾರಿಗೆ ಬೇಕಾದ್ದು ಒಂದು ಕ್ಷಣದ ಜೋರು ಹೊಡೆತ. ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿದರೆ ಸುರುಳಿ ಸುಟ್ಟುಹೋಗುತ್ತದೆ, ಮಕ್ಕಳು ಹಿಡಿದೇ ಹಿಡಿಯುತ್ತಾರೆ. ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ ಒಂದನ್ನು ನಡುವೆ ಹಾಕಿದರೆ ಗುಂಡಿ ಎಷ್ಟು ಹೊತ್ತು ಒತ್ತಿದರೂ ಕೆಪಾಸಿಟರಿನಲ್ಲಿ ತುಂಬಿದ್ದಷ್ಟೇ ಹೋಗುತ್ತದೆ. ಸರ್ವೊ ಮೋಟಾರ್ ಬಳಸುವವರು ಅದಕ್ಕೆ 5 ವೋಲ್ಟಿನ ಬೇರೆ ಸಪ್ಲೈ ಕೊಡಲಿ.

ಹಿಂತಿರುಗುವ ಕುಣಿಕೆಯ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲದಿದ್ದುದು ನನಗೆ ಹೆಚ್ಚು ಬೇಸರ ತಂದಿತು, ಏಕೆಂದರೆ ಜೊತೆಗಿದ್ದ ಎರಡನೇ ನಕ್ಷೆಯಲ್ಲಿ ಅದೇ ಇದೆ. ಪಾಯಿಂಟ್ ದಾಟಿದ ರೈಲು ಸುತ್ತು ಹೊಡೆದು ಅದೇ ಪಾಯಿಂಟಿಗೆ ಮರಳಿದರೆ ಎಡಹಳಿ ಹೋಗಿ ಬಲಹಳಿಯನ್ನೇ ಕೂಡುತ್ತದೆ. ಆ ನಕ್ಷೆಯಂತೆ ಕಟ್ಟಿದವರಿಗೆ ಮೊದಲ ನಿಮಿಷದಿಂದಲೇ ಶಾರ್ಟ್. ಕುಣಿಕೆಯ ಎರಡೂ ತುದಿಗಳಲ್ಲಿ ಎರಡೂ ಹಳಿಗಳನ್ನು ಎದುರುಬದುರಾಗಿ ಕತ್ತರಿಸಿ ಪ್ಲಾಸ್ಟಿಕ್ ಜಾಯಿನರ್ ಹಾಕಬೇಕು. ಹೀಗೆ ಬೇರ್ಪಟ್ಟ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಬೇಕು. ಎಂಜಿನ್ನಿಗಿಂತ ಉದ್ದವಿದ್ದರೆ ಸಾಲದು. ದೀಪವಿರುವ ಕೋಚುಗಳ ಲೋಹದ ಚಕ್ರಗಳೂ ಎರಡು ತುದಿಗಳನ್ನು ಏಕಕಾಲಕ್ಕೆ ಬೆಸೆದು ಶಾರ್ಟ್ ಮಾಡುತ್ತವೆ. ಸಾಧಾರಣ ಡಿಸಿ ಆದರೆ ಆ ಭಾಗಕ್ಕೆ ಎರಡು ತಂತಿಗಳನ್ನು ಅದಲುಬದಲು ಮಾಡುವ ಡಿಪಿಡಿಟಿ ಸ್ವಿಚ್, ಡಿಸಿಸಿ (ಹಳಿಯ ಮೂಲಕವೇ ಎಂಜಿನ್ನುಗಳಿಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ಆದರೆ ಧ್ರುವವನ್ನು ತಾನೇ ಬದಲಿಸುವ ಆಟೊ ರಿವರ್ಸರ್. ಆಟೊ ರಿವರ್ಸರ್ ಕಂಟ್ರೋಲರ್‌ಗಿಂತ ಮೊದಲು ಎಚ್ಚೆತ್ತುಕೊಳ್ಳುವಂತೆ ಅದರ ಆಂಪಿಯರ್ ಮಿತಿಯನ್ನು ಕಡಿಮೆ ಇಡಬೇಕು, ಇಲ್ಲದಿದ್ದರೆ ಧ್ರುವ ಬದಲಾಗುವ ಮುಂಚೆಯೇ ಇಡೀ ಲೇಔಟ್ ನಿಲ್ಲುತ್ತದೆ.

ಡಿಸಿ, ಡಿಸಿಸಿ ಎರಡರಲ್ಲಿ ಯಾವುದು? ಒಂದೇ ಎಂಜಿನ್, ಒಂದೇ ಸುತ್ತು ಎಂದಾದರೆ 12 ವೋಲ್ಟಿನ ಡಿಸಿ ಸಾಕು. ಎರಡು ಎಂಜಿನ್ನುಗಳನ್ನು ಒಂದೇ ಹಳಿಯ ಮೇಲೆ ಬೇರೆ ಬೇರೆ ವೇಗದಲ್ಲಿ ಓಡಿಸುವ ಆಸೆಯಿದ್ದರೆ ಡಿಸಿಯಲ್ಲಿ ಹಳಿಯನ್ನು ವಿಭಾಗಗಳಾಗಿ ಕತ್ತರಿಸಿ ಒಂದೊಂದಕ್ಕೂ ಸ್ವಿಚ್ ಕೊಡಬೇಕಾಗುತ್ತದೆ. ಆಗ ಡಿಸಿಸಿ ಕೊಳ್ಳುವುದೇ ಮೇಲು. ಅದರಲ್ಲಿ ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ, ಪ್ರತಿ ಎಂಜಿನ್ನಿನೊಳಗಿನ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಹೊಸ ಡಿಕೋಡರಿನ ಸಂಖ್ಯೆ 3 ಆಗಿರುತ್ತದೆ. ಡಿಕೋಡರಿನ ವೈರುಗಳ ಬಣ್ಣ ನಿಗದಿಯಾಗಿದೆ: ಕೆಂಪು ಬಲಹಳಿ, ಕಪ್ಪು ಎಡಹಳಿ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ದೀಪಗಳಿಗೆ ಸಮಾನ ಧನ. ಹಳೆಯ ಎಂಜಿನ್ನುಗಳಲ್ಲಿ ಮೋಟಾರಿನ ಒಂದು ಬ್ರಷ್ ಲೋಹದ ಚಾಸಿಗೆ ತಾಗಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್ ಹಾಕಿದರೆ ಹಳಿಯ ವಿದ್ಯುತ್ ನೇರ ಮೋಟಾರ್ ವೈರಿಗೆ ನುಗ್ಗಿ ಡಿಕೋಡರ್ ಸುಡುತ್ತದೆ. ಆದ್ದರಿಂದ ಮೊದಲ ಸಲ ಆ ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿಯ (ಡಿಕೋಡರಿಗೆ ಸಂಖ್ಯೆ ಕೊಡಲು ಬಳಸುವ ಪ್ರತ್ಯೇಕ ಹಳಿ) ಮೇಲೆ ಇಟ್ಟು ನೋಡಿ. ಅಲ್ಲಿ ಹರಿಯುವ ವಿದ್ಯುತ್ ಕಡಿಮೆ, ತಪ್ಪಿದ್ದರೂ ಬದುಕುತ್ತದೆ. ಹಳೆಯ ಡಿಸಿ ಕಂಟ್ರೋಲರನ್ನೂ ಡಿಸಿಸಿಯನ್ನೂ ಒಂದೇ ಹಳಿಯ ಎರಡು ಭಾಗಗಳಿಗೆ ಕೊಡುವ ಪ್ರಯೋಗ ಮಾತ್ರ ಬೇಡವೇ ಬೇಡ. ಎಂಜಿನ್ ನಡುವಿನ ಸೀಳನ್ನು ದಾಟುವಾಗ ಚಕ್ರಗಳು ಎರಡನ್ನೂ ಬೆಸೆಯುತ್ತವೆ, ಎರಡರಲ್ಲೊಂದು ಹಾಳಾಗಬಹುದು.

230 ವೋಲ್ಟ್ ಹಲಗೆಯ ಹತ್ತಿರವೂ ಬರಬಾರದು. ಬಿಐಎಸ್ ಗುರುತಿನ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲೇ ಇರಲಿ, ಆ ಸಾಕೆಟ್ಟಿಗೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ, ಹಲಗೆಗೆ ಇಳಿಯುವುದು ಕಡಿಮೆ ವೋಲ್ಟೇಜಿನ ವೈರು ಮಾತ್ರ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಹಳೆಯ ಟ್ರಾನ್ಸ್‌ಫಾರ್ಮರ್ ಕಂಟ್ರೋಲರನ್ನು ಓಡಿಸಬೇಡಿ, ಗುಂಯ್‌ಗುಡುತ್ತ ಬಿಸಿಯೇರುತ್ತದೆ.

ಹಲಗೆ ಮತ್ತು ಹವೆಯ ಸಂಬಂಧ ಕರಾವಳಿ, ಮಲೆನಾಡಿನ ಓದುಗರಿಗೆ ಗೊತ್ತಿರಬೇಕು. ಮಳೆಗಾಲದಲ್ಲಿ ಊದಿದ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ಅದರ ಮೇಲಿನ ಹಳಿಗೆ ಸರಿಯಲು ಜಾಗವಿಲ್ಲದಿದ್ದರೆ ಬಿಲ್ಲಿನಂತೆ ಬಾಗುತ್ತದೆ. 12 ಮಿ.ಮೀ.ನ ವಾಟರ್‌ಪ್ರೂಫ್ ಪ್ಲೈ ತಂದು, ಕೆಳಮೈಗೂ ಅಂಚುಗಳಿಗೂ ಬಣ್ಣ ಬಳಿದು, 40 ಸೆಂ.ಮೀ.ಗೊಂದು ಮರದ ಪಟ್ಟಿ ಕೊಡಿ. ತಿರುವಿನ ಜೋಡಣೆಗಳಿಗೆ ಮಾತ್ರ ಬೆಸುಗೆ ಹಾಕಿ, ನೇರ ಭಾಗದ ಜೋಡಣೆಗಳಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸೀಳು ಬಿಡಿ. ಪ್ರತಿ ತುಂಡಿಗೂ ಸ್ವಂತ ಫೀಡರ್ ಇರುವುದರಿಂದ ಆ ಸೀಳಿನಿಂದ ವಿದ್ಯುತ್ತಿಗೆ ತೊಂದರೆಯಿಲ್ಲ. ನಾಲ್ಕಡಿ ಅಗಲದ ಹಲಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಆಚೆ ಬದಿಗೆ ಕೈ ಎಟುಕುವುದಿಲ್ಲ. ಹಳಿ ತಪ್ಪುವುದೂ ಅಲ್ಲೇ.

ಇನ್ನು ಲೇಖನದ ಮೊದಲ ನಕ್ಷೆ. ಇದೇ ಎಂಟು ನಾಲ್ಕರ ಶೀಟಿನ ಮೇಲೆ ಇಂಗ್ಲಿಷ್ 8ರ ಆಕಾರದಲ್ಲಿ ಹಳಿ ತನ್ನ ಮೇಲೆಯೇ ಸೇತುವೆಯಾಗಿ ಹಾಯುತ್ತದೆ, ಕೆಳಗೆ ‘ಸಕಲೇಶಪುರ ಘಾಟ್’ ಎಂದಿದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಏರು 50ಕ್ಕೆ 1. ಕೆಳಹಳಿಯ ರೈಲು ತಾಗದಂತೆ ಮೇಲಿನ ಹಳಿ 80 ಮಿ.ಮೀ. ಎತ್ತರದಲ್ಲಿರಬೇಕು, 50ಕ್ಕೆ 1ರಂತೆ ಅದಕ್ಕೆ 4 ಮೀಟರ್ ಓಟ ಬೇಕು. 55 ಸೆಂ.ಮೀ. ತಿರುವಿನ 8ರಲ್ಲಿ ಒಂದು ಕುಣಿಕೆಯ ಉದ್ದ ಸುಮಾರು 3.5 ಮೀಟರ್. ಏರು ಶುರುವಾಗುವಲ್ಲೂ ಮುಗಿಯುವಲ್ಲೂ 30 ಸೆಂ.ಮೀ. ಸಮತಟ್ಟು ಬಿಟ್ಟರೆ ಉಳಿಯುವುದು 2.9 ಮೀಟರ್, ಅಂದರೆ 36ಕ್ಕೆ 1. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೇಂಗೆ ಇಳಿಯುವ ಘಟ್ಟ 37ಕ್ಕೆ 1, ಅಲ್ಲಿ ನಿಜವಾದ ರೈಲುಗಳಿಗೇ ಹಿಂದಿನಿಂದ ತಳ್ಳುವ ಎಂಜಿನ್ ಕಟ್ಟುತ್ತಾರೆ. ಅದೂ ಇಲ್ಲಿ ಏರೆಲ್ಲ ತಿರುವಿನ ಮೇಲೆಯೇ ಬರುತ್ತದೆ, ತಿರುವಿನ ಎಳೆತ ಬೇರೆ. ಮಾದರಿ ಎಂಜಿನ್ ಎರಡು ಮೂರು ಕೋಚಿಗೆ ಚಕ್ರ ಜಾರಿಸತೊಡಗುತ್ತದೆ. ಒಂದೇ ಶೀಟಿನಲ್ಲಿ ಘಟ್ಟವೇ ಬೇಕೆಂದರೆ 160ನೇ ಒಂದರ ಎನ್ ಅಳತೆ ಆರಿಸಿಕೊಳ್ಳಿ: ಎತ್ತರ 44 ಮಿ.ಮೀ. ಸಾಕು, ಅದೇ 2.9 ಮೀಟರಿನಲ್ಲಿ ಏರು 66ಕ್ಕೆ 1 ಆಗುತ್ತದೆ.

ಜೋಡಿಹಳಿ ಹಾಕುವವರಿಗೂ ಒಂದು ಲೆಕ್ಕ. ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ವಿನ್ಯಾಸದ ನಮ್ಮ ನೀಲಿ ಐಸಿಎಫ್ ಕೋಚ್ ಎಚ್‌ಒದಲ್ಲಿ 245 ಮಿ.ಮೀ. ಉದ್ದ, 37 ಮಿ.ಮೀ. ಅಗಲ, ಅದರಡಿಯ ಎರಡು ಟ್ರಾಲಿಗಳ ನಡುವೆ 170 ಮಿ.ಮೀ. 55 ಸೆಂ.ಮೀ. ತಿರುವಿನಲ್ಲಿ ಅದರ ನಡು ಸುಮಾರು 6.5 ಮಿ.ಮೀ. ಒಳಕ್ಕೆ, ತುದಿಗಳು 7 ಮಿ.ಮೀ. ಹೊರಕ್ಕೆ ಚಾಚುತ್ತವೆ. ನೇರದಲ್ಲಿ ಸರಿಯಾಗಿರುವ 50 ಮಿ.ಮೀ. ಅಂತರವನ್ನೇ ತಿರುವಿಗೂ ಇಟ್ಟರೆ ಎದುರುಬದುರು ಬರುವ ಎರಡು ರೈಲುಗಳು ಉಜ್ಜಿಕೊಳ್ಳುತ್ತವೆ. ತಿರುವಿನಲ್ಲಿ 60 ಮಿ.ಮೀ.ಗೆ ಕಡಿಮೆಯಾಗದಂತೆ ನೋಡಿಕೊಳ್ಳಿ.

ಹಳಿ ಒರೆಸಲು ಉಪ್ಪುಕಾಗದ ಬಳಸಿ ಎಂಬ ಸಲಹೆಯನ್ನೂ ತಿದ್ದಬೇಕು. ಅದು ಮಾಡುವ ಗೀರುಗಳಲ್ಲೇ ಮುಂದಿನ ಕೊಳೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಬಟ್ಟೆ ಸಾಕು, ವಿದ್ಯುತ್ ಆರಿಸಿ, ಕಿಟಕಿ ತೆರೆದು.

ಸಂಪಾದಕರಲ್ಲಿ ಒಂದು ಕೋರಿಕೆ. ಈ ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿರುವ ಮನೆಗಳು ಖಂಡಿತ ಇವೆ. ಬರುವ ಭಾನುವಾರವೇ ಎರಡನೇ ನಕ್ಷೆಯ ತಿದ್ದುಪಡಿಯನ್ನು, ಕುಣಿಕೆಯಲ್ಲಿ ಹಳಿ ಕತ್ತರಿಸಬೇಕಾದ ನಾಲ್ಕು ಜಾಗಗಳನ್ನು ಗುರುತಿಸಿ, ದಯವಿಟ್ಟು ಪ್ರಕಟಿಸಿ. ಅದರ ಪಕ್ಕದಲ್ಲೇ ಹಲಗೆಯ ಕೆಳಗಿನಿಂದ ಕಂಡಂತೆ ಬಸ್ ಮತ್ತು ಫೀಡರ್‌ಗಳ ಚಿತ್ರವನ್ನೂ, ವೈರುಗಳ ಬಣ್ಣ, ದಪ್ಪದ ಸಮೇತ ಹಾಕಿದರೆ ಕಾಲು ಪುಟಕ್ಕಿಂತ ಹೆಚ್ಚು ಬೇಕಾಗದು.

ಇಂತಿ ತಮ್ಮ ವಿಶ್ವಾಸಿ,
ಮಾದರಿ ರೈಲು ಹವ್ಯಾಸಿ, ಮೈಸೂರು